ಅಜ್ಜಿ ತೀರಿಕೊಂಡ ಮೇಲೂ ಖಾತೆಗೆ ಬಂದ ಪಿಂಚಣಿಯನ್ನು ಸರ್ಕಾರ ಹೇಗೆ ವಾಪಸ್ ಪಡೆಯುತ್ತದೆ?

ಮೊದಲು ಬ್ಯಾಂಕ್ ಖಾತೆಯಿಂದಲೇ. ನಿಮ್ಮ ಅಜ್ಜಿಗೆ ಬರುತ್ತಿದ್ದ ಸಂಧ್ಯಾ ಸುರಕ್ಷಾ ಹಣ (ಕರ್ನಾಟಕ ಸರ್ಕಾರ ವೃದ್ಧರಿಗೆ ಕೊಡುವ ಪಿಂಚಣಿ), ತಿಂಗಳಿಗೆ 1,200 ರೂಪಾಯಿ, ಖಜಾನೆಯಿಂದ ನೇರವಾಗಿ ಆಧಾರ್ ಜೋಡಿಸಿದ ಖಾತೆಗೆ ಬರುತ್ತದೆ. ಸಾವಿನ ಸುದ್ದಿ ಕಚೇರಿಗೆ ಮುಟ್ಟುವವರೆಗೂ ಅದು ಸುಮ್ನೆ ಬರ್ತಾನೇ ಇರುತ್ತದೆ. ತಪ್ಪು ನಿಮ್ಮದಲ್ಲ, ಆದರೆ ಆ ಹಣವೂ ನಿಮ್ಮದಲ್ಲ.

ವಿಷಯ ಗೊತ್ತಾದಾಗ ತಹಶೀಲ್ದಾರ್ ಕಚೇರಿ ಪಿಂಚಣಿ ನಿಲ್ಲಿಸುತ್ತದೆ, ಸಾವಿನ ನಂತರ ಜಮೆಯಾದದ್ದನ್ನು ವಾಪಸ್ ಕಳಿಸಲು ಬ್ಯಾಂಕಿಗೆ ಬರೆಯುತ್ತದೆ. ದುಡ್ಡು ಹಾಗೇ ಇದ್ದರೆ ಕೆಲಸ ಅಲ್ಲಿಗೇ ಮುಗಿಯಿತು. ಅಜ್ಜಿ ಬದುಕಿದ್ದಾಗ ಬಂದ ಹಣವನ್ನು ಯಾರೂ ಕೇಳುವುದಿಲ್ಲ.

ತೊಂದರೆ ಶುರುವಾಗೋದು ಯಾರಾದರೂ ಅಜ್ಜಿಯ ಎಟಿಎಂ ಕಾರ್ಡಿನಿಂದ ಹಣ ತೆಗೆದಾಗ. ಆಗ ತೆಗೆದವರೇ ಹೊಣೆ, ನೋಟಿಸ್ ಅವರಿಗೇ ಬರುತ್ತದೆ. ಬರೀ ಮೊಮ್ಮಗ ಅನ್ನೋ ಕಾರಣಕ್ಕೆ ನೀವು ಕೈಯಿಂದ ಕಟ್ಟಬೇಕಿಲ್ಲ. ವಾರಸುದಾರರ ಹೊಣೆ ಸತ್ತವರಿಂದ ಬಂದ ಆಸ್ತಿಯ ಮಟ್ಟಿಗೆ ಮಾತ್ರ. ಎಷ್ಟೋ ಮನೆಯವರು ಇದು ಗೊತ್ತಿಲ್ಲದೆ ಹೆದರುತ್ತಾರೆ.

ಹಾಗಾಗಿ ಖಾತೆ ಮುಟ್ಟಬೇಡಿ. ಬೆಂಗಳೂರಲ್ಲಿ ನಿಮ್ಮ ಹೋಬಳಿಯ ನಾಡಕಚೇರಿಗೆ ಮರಣ ಪ್ರಮಾಣಪತ್ರದ ನಕಲು, ಪಾಸ್‌ಬುಕ್ಕಿನ ಕೊನೆಯ ಪುಟದ ಜೆರಾಕ್ಸ್ ಜೊತೆ ಅರ್ಜಿ ಕೊಡಿ. ಸೀಲು ಹಾಕಿದ ಸ್ವೀಕೃತಿ ಮರೆಯದೆ ತಗೊಳ್ಳಿ.