ಟಬ್ ಎಲ್ಲಿದೆ ಅಂತ ಮೊದಲು ಕೇಳಿ

ತಂಗೀ,

ನಿಮ್ಮ ಪ್ರಶ್ನೆ ಓದಿದೆ. ಅಮೆರಿಕಕ್ಕೆ ಬಂದು ಮೂರು ವರ್ಷ, ಡಲ್ಲಾಸ್ ಹತ್ತಿರ ಮನೆ, ಮಗನಿಗೆ ಹೈಸ್ಕೂಲಿನ ಕೊನೆಯ ವರ್ಷ. ದಾವಣಗೆರೆಯಲ್ಲಿ ಕಬಡ್ಡಿ ಆಡಿಕೊಂಡಿದ್ದ ಹುಡುಗ ಇಲ್ಲಿ ಹೆಲ್ಮೆಟ್ಟು, ಪ್ಯಾಡು ಹಾಕಿ ಡಿಕ್ಕಿ ಹೊಡೆದಾಡುವ ಅಮೆರಿಕನ್ ಫುಟ್‌ಬಾಲ್ ಟೀಮ್ ಸೇರಿದ. ಈಗ ಒಂದು ಕಾಲೇಜಿನ ಕೋಚ್ 'ವಾಕ್-ಆನ್ ಆಗಿ ಬಾ' ಅಂದಿದ್ದಾರೆ. "ಕೈಕಾಲು ಮುರಿದುಕೊಂಡರೆ ಏನು ಗತಿ, ಕಳಿಸಲಾ ಬೇಡ್ವಾ ಅಕ್ಕಾ?" ಅಂತ ಕೇಳಿದ್ದೀರಿ.

ನಾನು ಹಾಸನದವಳು, ಒಹಾಯೊಗೆ ಬಂದು 24 ವರ್ಷ. ನನ್ನ ದೊಡ್ಡ ಮಗ ಕಾಲೇಜಿನಲ್ಲಿ ಮುಂದಿನ ಸಾಲಲ್ಲಿ ನಿಂತು ಎದುರಾಳಿಯನ್ನು ಮೈಕೊಟ್ಟು ತಡೆಯುವ ಲೈನ್‌ಮನ್ ಆಗಿದ್ದ, ಅವನೂ ವಾಕ್-ಆನೇ. ಅಂದರೆ ಸ್ಕಾಲರ್‌ಶಿಪ್ ಇಲ್ಲ. ಬೆವರು ಮಗನದು, ಫೀಸು ಅಪ್ಪನದು.

ಕೈಕಾಲು ಮುರಿಯುವ ಮಾತು ಮೊದಲು ಮುಗಿಸಿಬಿಡುತ್ತೇನೆ. ಮುರಿಯುತ್ತೆ. ಮಂಡಿಯ ಲಿಗಮೆಂಟ್ ಹರಿಯುತ್ತೆ, ಭುಜ ಕಳಚುತ್ತೆ. ಆದರೆ ಶನಿವಾರದ ಮ್ಯಾಚಿನಲ್ಲಿ ಬಿದ್ದರೆ ಡಾಕ್ಟರು, ಆಂಬುಲೆನ್ಸು ಎಲ್ಲ ಅಲ್ಲೇ ಪಕ್ಕದಲ್ಲಿರುತ್ತವೆ. ನನಗೆ ಭಯ ಹುಟ್ಟಿಸಿದ್ದು ಮ್ಯಾಚಲ್ಲ, ಪ್ರಾಕ್ಟೀಸು. ಅದರಲ್ಲೂ ರಜೆ ಮುಗಿಸಿ ಹೋದ ಮೊದಲ ವಾರದ ಪ್ರಾಕ್ಟೀಸು. ಪೆಟ್ಟಿಲ್ಲದೆ, ಬರೀ ಓಟ ಮತ್ತು ಕಸರತ್ತಿನಲ್ಲಿ ಕುಸಿದು ಸತ್ತ ಕಾಲೇಜು ಹುಡುಗರಿದ್ದಾರೆ. ಅದು ಹೆಚ್ಚಾಗಿ ಆಗುವುದು ಸೀಸನ್ ಶುರುವಾಗುವ ಮುಂಚೆ.

ನಮ್ಮ ಮನೆಯ ಕಥೆ ಕೇಳಿ. ಎರಡನೇ ವರ್ಷ ಡಿಸೆಂಬರ್ ರಜೆಗೆ ಬಂದವನಿಗೆ ನಾನು ಮೂರು ವಾರ ಹೋಳಿಗೆ, ಚಿತ್ರಾನ್ನ ಅಂತ ಮಾಡಿ ಹಾಕಿದೆ. ಸೋಫಾ ಬಿಟ್ಟು ಎದ್ದಿಲ್ಲ ಪುಣ್ಯಾತ್ಮ. ಜನವರಿಯಲ್ಲಿ ವಾಪಸ್ ಹೋದ. ಹೊಸ ಸ್ಟ್ರೆಂತ್ ಕೋಚ್ ಬಂದಿದ್ದರು. ಯಾರು ಗಟ್ಟಿ ನೋಡೋಣ ಅಂತ ಮೊದಲ ದಿನವೇ ಭಾರ ಹೊತ್ತು ಬಸ್ಕಿ ಹೊಡೆಸಿದ್ದಾರೆ, ಲೆಕ್ಕ ತಪ್ಪುವಷ್ಟು. ಮೂರನೇ ದಿನ ಫೋನ್ ಮಾಡಿದ. ಮೆಟ್ಟಿಲು ಇಳಿಯೋಕ್ಕೆ ಆಗ್ತಿಲ್ಲ ಅಂದ. ಅದು ಸಹಜ ಅಂದುಕೊಂಡೆ. ಆಮೇಲೆ ದನಿ ತಗ್ಗಿಸಿ, "ಅಮ್ಮಾ, ಮೂತ್ರ ನಿನ್ನ ಫಿಲ್ಟರ್ ಕಾಫಿ ಡಿಕಾಕ್ಷನ್ ಥರ ಬರ್ತಿದೆ" ಅಂದ.

ಅದಕ್ಕೆ ಇಲ್ಲಿ ಚಿಕ್ಕದಾಗಿ 'ರಾಬ್ಡೋ' ಅಂತಾರೆ. ಮಿತಿಮೀರಿ ದಂಡಿಸಿದಾಗ ಮಾಂಸಖಂಡ ಒಡೆದು ಅದರೊಳಗಿನ ಅಂಶ ರಕ್ತಕ್ಕೆ ಸೇರುತ್ತೆ. ಅದನ್ನು ಸೋಸಲು ಹೋಗಿ ಕಿಡ್ನಿ ಸೋಲುತ್ತೆ. ನಾಲ್ಕು ದಿನ ಡ್ರಿಪ್ ಹಾಕಿದರು. ಕಿಡ್ನಿ ಉಳಿಯಿತು. ಇದೇನು ನಮ್ಮ ಒಬ್ಬನ ಗ್ರಹಚಾರ ಅಂದುಕೊಳ್ಳಬೇಡಿ. ಅಯೋವಾ ವಿಶ್ವವಿದ್ಯಾಲಯದಲ್ಲಿ 2011ರ ಜನವರಿಯಲ್ಲಿ ಒಂದೇ ಟೀಮಿನ 13 ಹುಡುಗರು ಹೀಗೇ ಆಸ್ಪತ್ರೆ ಸೇರಿದ್ದರು. ಒರೆಗಾನ್‌ನಲ್ಲಿ 2017ರಲ್ಲಿ ಮೂವರು, ಅದೂ ಜನವರಿಯೇ. ತಿಂಗಳು ನೋಡಿದಿರಾ?

ನನ್ನ ಹೊಟ್ಟೆ ಉರಿದದ್ದು ಬೇರೆ ವಿಷಯಕ್ಕೆ. "ಯಾಕೋ ನಿಲ್ಲಿಸಲಿಲ್ಲ?" ಅಂದರೆ, "ನಾನು ವಾಕ್-ಆನ್ ಅಮ್ಮಾ, ನಾನು ನಿಲ್ಲಿಸೋ ಹಾಗಿಲ್ಲ" ಅಂದ. ಈಗಂತೂ ದೊಡ್ಡ ಕಾಲೇಜುಗಳ ಟೀಮಿಗೆ 2025ರಿಂದ 105 ಜನರ ಮಿತಿ ಬಂದಿದೆ. ಮೊದಲು ಕತ್ತರಿ ಬೀಳುವುದು ವಾಕ್-ಆನ್ ಹುಡುಗರಿಗೇ. ಅಂಥವನು ಸುಸ್ತಾಯ್ತು ಅಂತ ಬಾಯಿ ಬಿಡ್ತಾನಾ ಹೇಳಿ. ನಿಯಮವೇನೋ ಇದೆ. ಕಾಲೇಜು ಆಟಗಳನ್ನು ನೋಡಿಕೊಳ್ಳುವ ಸಂಸ್ಥೆ ಎನ್‌ಸಿಎಎ ಪ್ರಕಾರ ಸೀಸನ್‌ನಲ್ಲಿ ವಾರಕ್ಕೆ 20 ಗಂಟೆ, ದಿನಕ್ಕೆ 4 ಗಂಟೆ. ಸೀಸನ್ ಇಲ್ಲದಾಗ ಇನ್ನೂ ಕಡಿಮೆ. ಆದರೆ ಪ್ರಯಾಣ, ಫಿಸಿಯೋ, 'ಇಷ್ಟ ಇದ್ದರೆ ಬನ್ನಿ' ಅನ್ನುವ ಕಸರತ್ತು ಯಾವುದೂ ಆ ಲೆಕ್ಕಕ್ಕೆ ಬರಲ್ಲ. ಇಷ್ಟ ಇಲ್ಲ ಅಂತ ಮನೆಯಲ್ಲಿ ಕೂತವನನ್ನು ನಾನಂತೂ ನೋಡಿಲ್ಲ.

ಇನ್ನು ಬಿಸಿಲು. ನಮ್ಮ ಹುಡುಗ, ದಾವಣಗೆರೆ ಬಿಸಿಲು ಕಂಡವನು, ಏನಾಗುತ್ತೆ ಅಂತ ನೀವು ಬರೆದಿದ್ದೀರಿ. ದಯವಿಟ್ಟು ಆ ಧೈರ್ಯ ಬಿಡಿ. ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಜೋರ್ಡನ್ ಮೆಕ್‌ನೇರ್, 19 ವರ್ಷದ ಲೈನ್‌ಮನ್, 2018ರ ಮೇ 29ರಂದು 110 ಗಜದ ಓಟಗಳನ್ನು ಸಾಲಾಗಿ ಓಡುವಾಗ ಕುಸಿದ. ಜೂನ್ 13ಕ್ಕೆ ತೀರಿಕೊಂಡ. ಮೈಯೊಳಗಿನ ಬಿಸಿ ಇಳಿಸಲು ಅವನನ್ನು ತಣ್ಣೀರಿನಲ್ಲಿ ಮುಳುಗಿಸಬೇಕಿತ್ತು, ಮುಳುಗಿಸಲಿಲ್ಲ. ಆಮೇಲೆ ವಿಶ್ವವಿದ್ಯಾಲಯವೇ ತಪ್ಪು ಒಪ್ಪಿಕೊಂಡಿತು, ಕೋಚ್ ಕೆಲಸ ಹೋಯಿತು. ಹುಡುಗ ಬರಲಿಲ್ಲ. ಲೈನ್‌ಮನ್‌ಗಳು ದಪ್ಪ ಮೈಯವರು, ಮೇಲೆ ಹೆಲ್ಮೆಟ್ಟು, ಪ್ಯಾಡು. ಬಿಸಿ ಹೊರಗೆ ಹೋಗೋಕ್ಕೆ ದಾರಿಯೇ ಇರಲ್ಲ. ಇದಕ್ಕೆ ಇಲ್ಲಿಯವರು ಹೇಳುವ ಸೂತ್ರ ಒಂದೇ: ಮೊದಲು ತಣ್ಣಗೆ ಮಾಡು, ಆಮೇಲೆ ಆಸ್ಪತ್ರೆಗೆ ಸಾಗಿಸು. ಅರ್ಧ ಗಂಟೆಯೊಳಗೆ ಐಸ್ ನೀರಿನಲ್ಲಿ ಇಳಿಸಿ ಬಿಸಿ ಇಳಿಸಿದರೆ ಹೆಚ್ಚುಕಡಿಮೆ ಎಲ್ಲರೂ ಬದುಕುತ್ತಾರೆ. ಒಂದು ಟಬ್ಬು, ನೀರು, ನಾಲ್ಕು ಚೀಲ ಐಸು. ಇಷ್ಟೇ ಬೇಕಾಗಿದ್ದದ್ದು.

ಅದಕ್ಕೇ ಹೇಳುತ್ತೇನೆ. ಕಾಲೇಜು ನೋಡಲು ಹೋದಾಗ ಅವರು ಹೊಳೆಯುವ ಜಿಮ್, ಹೆಸರು ಬರೆದ ಜೆರ್ಸಿ, ಊಟದ ಹಾಲ್ ಎಲ್ಲ ತೋರಿಸುತ್ತಾರೆ. ಚೆನ್ನಾಗಿದೆ ಅನ್ನಿ. ಆಮೇಲೆ ಅಥ್ಲೆಟಿಕ್ ಟ್ರೇನರ್ ಯಾರು ಅಂತ ಕೇಳಿ. ಹೆಸರು ಕೇಳಿ ಜಿಮ್ ಮಾಸ್ಟರ್ ಅಂದುಕೊಳ್ಳಬೇಡಿ, ನಾನು ಒಂದು ವರ್ಷ ಹಾಗೇ ಅಂದುಕೊಂಡಿದ್ದೆ. ಅವರು ಗಾಯ ನೋಡಿಕೊಳ್ಳಲು ಓದಿ ಲೈಸೆನ್ಸ್ ಪಡೆದವರು. ಐಸ್ ಟಬ್ ಎಲ್ಲಿದೆ, ಮೈದಾನದಿಂದ ಎಷ್ಟು ದೂರ ಅಂತ ಕೇಳಿ. ಬೆಳಿಗ್ಗೆ ಐದೂವರೆಯ ಕಸರತ್ತಿಗೂ ಟ್ರೇನರ್ ಇರ್ತಾರಾ? ಅವರು ಸಾಕು ಅಂದರೆ ಕೋಚ್ ಕೇಳ್ತಾರಾ? ಈ ಕೊನೆಯದನ್ನು ಕೋಚ್ ಎದುರಿಗೇ ಕೇಳಿ, ಮುಖ ನೋಡಿ. ಸಿಕಲ್ ಸೆಲ್ ಅನ್ನುವ, ಹುಟ್ಟಿನಿಂದ ಬರುವ ರಕ್ತದ ದೋಷದ ಪರೀಕ್ಷೆ ಹೇಳಿದರೆ ನಮಗ್ಯಾಕೆ ಅನ್ನಬೇಡಿ, ಅದಿದ್ದವರಿಗೆ ವಿಪರೀತ ಕಸರತ್ತು ಅಪಾಯ. ನಮ್ಮ ಚಾಮರಾಜನಗರದ ಸೋಲಿಗರಲ್ಲೂ ಅದು ಇದೆ.

ತಲೆಗೆ ಪೆಟ್ಟಾದರೆ ಆ ದಿನ ಮತ್ತೆ ಆಡಿಸುವಂತಿಲ್ಲ, ಅದು ನಿಯಮ. ಆದರೆ ತಲೆ ಗಿರ್ ಅಂದಿದ್ದು ಹುಡುಗ ಬಾಯಿಬಿಟ್ಟರೆ ತಾನೇ ಗೊತ್ತಾಗುವುದು? ಬೋಸ್ಟನ್ ವಿಶ್ವವಿದ್ಯಾಲಯದವರು 2017ರಲ್ಲಿ, ತೀರಿಕೊಂಡ ಆಟಗಾರರ ದಾನದ ಮೆದುಳುಗಳನ್ನು ಪರೀಕ್ಷಿಸಿದ ವರದಿ ತಂದರು. ಕಾಲೇಜು ಮಟ್ಟದಲ್ಲಿ ಆಡಿದ್ದ 53 ಜನರಲ್ಲಿ 48 ಜನರಿಗೆ ಸಿಟಿಇ ಅನ್ನುವ ಮೆದುಳಿನ ಕಾಯಿಲೆ ಇತ್ತು. ತೊಂದರೆ ಕಂಡ ಮನೆಯವರೇ ಜಾಸ್ತಿ ದಾನ ಕೊಟ್ಟಿರುತ್ತಾರೆ, ಹಾಗಾಗಿ ಆಡಿದವರಿಗೆಲ್ಲ ಹಾಗೇ ಅಂತಲ್ಲ. ಆದರೂ ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇನ್ಶೂರೆನ್ಸ್ ಬಗ್ಗೆ: ಡಿವಿಷನ್ ಒಂದರ, ಅಂದರೆ ಮೇಲಿನ ದರ್ಜೆಯ, ಕಾಲೇಜಾದರೆ ಆಟದ ಗಾಯಕ್ಕೆ ಆಟ ಬಿಟ್ಟ ಮೇಲೂ ಎರಡು ವರ್ಷ ನೋಡಿಕೊಳ್ಳಬೇಕು ಅಂತ 2024ರಿಂದ ಇದೆ. ಬೇರೆ ಡಿವಿಷನ್ ಆದರೆ ಬರವಣಿಗೆಯಲ್ಲಿ ಕೇಳಿ ತಗೊಳ್ಳಿ. ಹೇಗೂ ನಿಮ್ಮ ಮನೆಯ ಪಾಲಿಸಿ ಬಿಡಬೇಡಿ. ಇನ್ನೊಂದು, ಅವನು ಎಚ್-4ನಲ್ಲಿ, ಅಂದರೆ ಅಪ್ಪ ಅಮ್ಮನ ಕೆಲಸದ ವೀಸಾಕ್ಕೆ ಅಂಟಿಕೊಂಡ ಮಕ್ಕಳ ವೀಸಾದಲ್ಲಿದ್ದಾನೆ ಅಲ್ವಾ? ಅದರಲ್ಲಿ ದುಡಿಯುವಂತಿಲ್ಲ. ಈಗ ಆಟಗಾರರಿಗೆ ಜಾಹೀರಾತಿನ ದುಡ್ಡು ಬರುತ್ತೆ. ಟೀಮಿನವರು ತಗೊಂಡರು ಅಂತ ಇವನೂ ಒಂದು ಡಾಲರ್ ಮುಟ್ಟಬಾರದು, ವಕೀಲರನ್ನು ಕೇಳದೆ. 21 ತುಂಬಿದರೆ ಎಚ್-4 ಮುಗೀತು, ಅದನ್ನೂ ಈಗಲೇ ಯೋಚಿಸಿ.

ಕಳಿಸಲಾ ಬೇಡ್ವಾ ಅಂದರೆ, ನಾನು ಕಳಿಸಿದೆ. ರಾಬ್ಡೋ ಆದ ಮೇಲೂ ಕಳಿಸಿದೆ. ಅವನು ಇನ್ನೆರಡು ವರ್ಷ ಆಡಿದ, ಒಟ್ಟು ಮೈದಾನದಲ್ಲಿ ಇದ್ದದ್ದು ಹನ್ನೊಂದು ನಿಮಿಷ. ಆ ಹನ್ನೊಂದು ನಿಮಿಷದ ಫೋಟೋ ಈಗಲೂ ನಮ್ಮ ದೇವರ ಕೋಣೆಯ ಪಕ್ಕದ ಗೋಡೆ ಮೇಲಿದೆ. ಆದರೆ ಎರಡನೇ ಸಲ ಕಳಿಸುವ ಮುಂಚೆ ಅವನ ಹತ್ತಿರ ಒಂದು ಮಾತು ತಗೊಂಡೆ: ಆಗಲ್ಲ ಅನಿಸಿದ ತಕ್ಷಣ ನೆಲದ ಮೇಲೆ ಕೂತುಬಿಡಬೇಕು. ಟೀಮಿಂದ ತೆಗೆದರೆ ತೆಗೀಲಿ, ನಾನೇ ಕಾರು ತಗೊಂಡು ಬಂದು ಕರ್ಕೊಂಡು ಹೋಗ್ತೀನಿ ಅಂದಿದ್ದೆ.

ಕಾಲೇಜು ನೋಡಿಕೊಂಡು ಬಂದ ಮೇಲೆ ಬರೆಯಿರಿ. ಟಬ್ ಎಲ್ಲಿತ್ತು, ಖಾಲಿ ಇತ್ತಾ, ಒಳಗೆ ಸಾಮಾನು ತುಂಬಿದ್ದರಾ ಅಂತ.