ಕಲಿತ ಪದ ಬಾಯಿಗೆ ಬರುವುದಿಲ್ಲವೇಕೆ?

ಮಾನ್ಯ ಓದುಗರೇ,

ದಿನಕ್ಕೆ ಇಪ್ಪತ್ತರಂತೆ ಇಂಗ್ಲಿಷ್ ಪದಗಳನ್ನು ಕನ್ನಡ ಅರ್ಥದೊಂದಿಗೆ ಬರೆದು ಬಾಯಿಪಾಠ ಮಾಡುತ್ತಿದ್ದೀರಿ. ಪುಸ್ತಕದಲ್ಲಿ ಕಂಡಾಗ ಅವುಗಳ ಗುರುತು ಸಿಗುತ್ತದೆ, ಆದರೆ ಮಾತನಾಡಬೇಕಾದಾಗ ಒಂದೂ ನಾಲಿಗೆಗೆ ಬರುವುದಿಲ್ಲ ಎಂದು ಬರೆದಿದ್ದೀರಿ. ಐದು ಸಾವಿರ ಪದಗಳಿರುವ ದೊಡ್ಡ ಪುಸ್ತಕವೊಂದನ್ನು ಕೊಂಡರೆ ಈ ತೊಂದರೆ ನೀಗೀತೇ ಎಂಬುದು ನಿಮ್ಮ ಪ್ರಶ್ನೆ. ನೀಗುವುದಿಲ್ಲ ಎಂದೇ ಹೇಳಬೇಕಾಗಿದೆ. ಓದುವಾಗ ಪದ ಕಣ್ಣೆದುರಿಗೇ ಇರುತ್ತದೆ, ಅರ್ಥ ಹೊಳೆದರೆ ಸಾಕು. ಮಾತನಾಡುವಾಗ ಅರ್ಥ ಮಾತ್ರ ಮನಸ್ಸಿನಲ್ಲಿರುತ್ತದೆ, ಪದವನ್ನು ನಾವೇ ಹುಡುಕಿ ತರಬೇಕು. ನೀವು ಇದುವರೆಗೆ ರೂಢಿಸಿಕೊಂಡಿರುವುದು ಮೊದಲನೆಯ ಕೆಲಸವನ್ನು. ದೊಡ್ಡ ಪುಸ್ತಕ ಅದನ್ನೇ ಇನ್ನಷ್ಟು ಮಾಡಿಸುತ್ತದೆ.

ಆರಂಭದ ಹಂತಕ್ಕೆ ಅಷ್ಟು ಪದಗಳ ಅಗತ್ಯವೂ ಇಲ್ಲ. ಢಾಕಾದ ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಕೆಲಸ ಮಾಡಿದ್ದ ಮೈಕೆಲ್ ವೆಸ್ಟ್ 1953ರಲ್ಲಿ ಪ್ರಕಟಿಸಿದ ಪದಪಟ್ಟಿಯಲ್ಲಿರುವುದು ಸುಮಾರು 2,000 ಮೂಲಪದಗಳು. ಸಾಮಾನ್ಯ ಇಂಗ್ಲಿಷ್ ಬರಹದ ಸರಿಸುಮಾರು ಐದರಲ್ಲಿ ನಾಲ್ಕು ಭಾಗ ಅವುಗಳಿಂದಲೇ ಆಗಿರುತ್ತದೆ. ಅದಕ್ಕೂ ಮೊದಲು, 1930ರಲ್ಲಿ, ಇಂಗ್ಲೆಂಡಿನ ಭಾಷಾತಜ್ಞ ಸಿ.ಕೆ. ಆಗ್ಡೆನ್ 850 ಪದಗಳಲ್ಲೇ ಇಂಗ್ಲಿಷ್ ನಡೆಸಬಹುದೆಂದು ಹೊರಟಿದ್ದರು, ಅದರಲ್ಲಿ ಕ್ರಿಯಾಪದಗಳು ಕೇವಲ 18. ಆದರೆ ಆ ಕ್ರಿಯಾಪದಗಳಿಗೆ ಅಪ್, ಆಫ್, ಔಟ್ ಮೊದಲಾದವನ್ನು ಜೋಡಿಸಿ ಎಲ್ಲವನ್ನೂ ಹೇಳಬೇಕಾಗಿ ಬಂದಾಗ ಕಲಿಯುವವನ ಹೊರೆ ಇಳಿಯಲಿಲ್ಲ, ಬೇರೆ ಹೆಗಲಿಗೆ ಹೋಯಿತು ಅಷ್ಟೇ. ಗೆಟ್, ಟೇಕ್, ಪುಟ್‌ನಂಥ ಚಿಕ್ಕ ಪದಗಳನ್ನು ಸುಲಭವೆಂದು ದಾಟಿಹೋಗುವವರಿಗೆ ಇದು ನೆನಪಿರಬೇಕು.

ಕನ್ನಡಿಗರಿಗೆ ಈ ವಿಷಯದಲ್ಲಿ ಒಂದು ಅನುಕೂಲವೂ ಒಂದು ತೊಡಕೂ ಇದೆ. ಬಸ್ಸು, ಟಿಕೆಟ್ಟು, ಸ್ವಿಚ್ಚು, ಬ್ಯಾಗು ಎಂದು ನೂರಾರು ಇಂಗ್ಲಿಷ್ ಪದಗಳು ಅಕ್ಷರ ಕಲಿಯದವರ ಬಾಯಲ್ಲೂ ಇವೆ. ಆದರೆ ಅವುಗಳಲ್ಲಿ ಬಹುಪಾಲು ನಾಮಪದಗಳು. ಕ್ರಿಯಾಪದ ಬಂದರೂ ‘ಟ್ರೈ ಮಾಡು’, ‘ಅಡ್ಜಸ್ಟ್ ಮಾಡು’ ಎಂದು ನಮ್ಮ ‘ಮಾಡು’ವನ್ನು ಬಾಲಕ್ಕೆ ಕಟ್ಟಿಕೊಂಡೇ ಬರುತ್ತದೆ. ವಿಭಕ್ತಿ ಪ್ರತ್ಯಯಗಳು ಮಾಡುವ ಕೆಲಸವನ್ನು ಇಂಗ್ಲಿಷಿನಲ್ಲಿ ಇನ್, ಆನ್, ಟು, ಫ್ರಮ್ ಮೊದಲಾದ ಬಿಡಿಪದಗಳು ಮಾಡುವುದರಿಂದ, ಇವುಗಳಿಗೆ ಪಟ್ಟಿಯ ಬಲಗಡೆಯಲ್ಲಿ ಒಂದೇ ಕನ್ನಡ ಪದವನ್ನು ಬರೆಯಲು ಹೊರಟರೆ ಅದು ಅರ್ಧ ಸತ್ಯವಾಗುತ್ತದೆ. ‘ಫ್ಯಾನ್ ಹಾಕು’ ಎಂಬುದನ್ನು ಪದಕ್ಕೆ ಪದವಿಟ್ಟು ‘ಪುಟ್ ದ ಫ್ಯಾನ್’ ಎನ್ನುವವರು ಪುಟ್ ಎಂಬ ಪದವನ್ನು ತಪ್ಪಾಗಿ ಕಲಿತವರಲ್ಲ. ಫ್ಯಾನಿನ ಜೊತೆಗೆ ಟರ್ನ್ ಆನ್ ಬರುತ್ತದೆ ಎಂಬುದನ್ನು ಅವರಿಗೆ ಯಾರೂ ತೋರಿಸಲಿಲ್ಲ. ಆದ್ದರಿಂದ ಪದವನ್ನು ಒಂಟಿಯಾಗಿ ಬರೆದುಕೊಳ್ಳಬೇಡಿ. ‘ಮಿಸ್ಟೇಕ್’ ಬರೆಯುವ ಬದಲು ‘ಮೇಕ್ ಎ ಮಿಸ್ಟೇಕ್’ ಎಂದೂ, ‘ವೇಟ್’ ಬರೆಯುವ ಬದಲು ‘ವೇಟ್ ಫಾರ್ ಮೈ ಬ್ರದರ್’ ಎಂದೂ ಬರೆಯಿರಿ. ಆ ವಾಕ್ಯ ನೀವು ನಾಳೆ ನಿಜವಾಗಿ ಆಡಬಹುದಾದ ಮಾತಾಗಿರಲಿ.

ಬಣ್ಣಗಳೆಲ್ಲ ಒಂದು ದಿನ, ವಿರುದ್ಧ ಪದಗಳೆಲ್ಲ ಇನ್ನೊಂದು ದಿನ ಎಂದು ವಿಂಗಡಿಸಿಕೊಂಡಿರುವುದಾಗಿಯೂ ತಿಳಿಸಿದ್ದೀರಿ. ನೋಡಲು ಅಚ್ಚುಕಟ್ಟಾದ ಈ ಕ್ರಮ ಹೊಸ ಪದಗಳ ಮಟ್ಟಿಗೆ ಹಾನಿಕರ. ಹತ್ತಿರದ ಅರ್ಥದ ಹೊಸ ಪದಗಳನ್ನು ಒಟ್ಟಿಗೆ ಕಲಿತರೆ ಒಂದು ಇನ್ನೊಂದರೊಡನೆ ಕಲಸಿಹೋಗುತ್ತದೆ ಎಂಬುದನ್ನು 1990ರ ದಶಕದಲ್ಲಿ ಟಿಂಕಮ್, ವೇರಿಂಗ್ ಮೊದಲಾದ ಸಂಶೋಧಕರು ನಡೆಸಿದ ಪ್ರಯೋಗಗಳು ತೋರಿಸಿವೆ. ಲೆಫ್ಟ್ ಗಟ್ಟಿಯಾದ ಮೇಲೆ ರೈಟ್‌ಗೆ ಬನ್ನಿ. ವಿಂಗಡಿಸಲೇಬೇಕೆಂದಿದ್ದರೆ ಸಂದರ್ಭವನ್ನು ಆಧರಿಸಿ ವಿಂಗಡಿಸಿ: ವೈದ್ಯರನ್ನು ಕಾಣಲು ಹೋದಾಗ ಬೇಕಾಗುವ ನಾಮಪದ, ಕ್ರಿಯಾಪದ, ಪ್ರಶ್ನೆ ಎಲ್ಲವೂ ಒಂದೆಡೆ ಇರಲಿ.

ಇನ್ನು ಮರೆವಿನ ಮಾತು. ಕಲಿತದ್ದರ ಹೆಚ್ಚಿನ ಪಾಲು ಮೊದಲ ಒಂದೆರಡು ದಿನಗಳಲ್ಲೇ ಜಾರಿಹೋಗುತ್ತದೆಂದು ಜರ್ಮನಿಯ ಮನೋವಿಜ್ಞಾನಿ ಎಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೆ ತಾನೇ ಪ್ರಯೋಗ ಮಾಡಿ ತೋರಿಸಿದರು. ನಿಮ್ಮ ನೆನಪಿನ ಶಕ್ತಿಯನ್ನು ನೀವು ಹಳಿದುಕೊಳ್ಳುವ ಅಗತ್ಯವಿಲ್ಲ. ಸಣ್ಣ ಚೀಟಿಯ ಒಂದು ಬದಿಯಲ್ಲಿ ಕನ್ನಡ ವಾಕ್ಯವನ್ನೂ ಹಿಂಬದಿಯಲ್ಲಿ ಇಂಗ್ಲಿಷ್ ವಾಕ್ಯವನ್ನೂ ಬರೆಯಿರಿ. ಕನ್ನಡವನ್ನು ನೋಡಿ ಇಂಗ್ಲಿಷನ್ನು ಗಟ್ಟಿಯಾಗಿ ಹೇಳಿ, ಆಮೇಲಷ್ಟೇ ತಿರುಗಿಸಿ ನೋಡಿ. ಸರಿಯಾಗಿ ಹೇಳಿದ ಚೀಟಿಯನ್ನು ಮರುದಿನ, ನಂತರ ಮೂರು ದಿನಕ್ಕೆ, ನಂತರ ವಾರಕ್ಕೆ ಎಂದು ದೂರ ಸರಿಸುತ್ತಾ ಹೋಗಿ. ತಪ್ಪಿದ ಚೀಟಿ ಮರುದಿನ ನೋಡಬೇಕಾದ ಮೊದಲ ಕಟ್ಟಿಗೆ ಹಿಂದಿರುಗಲಿ. ವಿಜ್ಞಾನ ಬರಹಗಾರ ಸೆಬಾಸ್ಟಿಯನ್ ಲೈಟ್ನರ್ 1972ರಲ್ಲಿ ಪ್ರಚಾರಕ್ಕೆ ತಂದ ವಿಧಾನದ ಸಾರ ಇದೇ, ಮೊಬೈಲಿನ ಪದಾಭ್ಯಾಸದ ಆ್ಯಪ್‌ಗಳಲ್ಲಿ ಹಲವು ಇದನ್ನೇ ಅನುಸರಿಸುತ್ತವೆ. ದಿನಕ್ಕೆ ಇಪ್ಪತ್ತು ಹೊಸ ಪದಗಳಾದರೆ ಹಳೆಯ ಚೀಟಿಗಳೇ ಗುಡ್ಡೆಯಾಗುತ್ತವೆ. ಆರೋ ಏಳೋ ಸಾಕು.

ಓದಿಗೆ ಪುಸ್ತಕವನ್ನು ಆರಿಸುವಾಗ ನೂರು ಪದಗಳಲ್ಲಿ ಎರಡು ಮೂರಕ್ಕಿಂತ ಹೆಚ್ಚು ಅಪರಿಚಿತವಾಗಿದ್ದರೆ ಅದನ್ನು ಸದ್ಯಕ್ಕೆ ಬದಿಗಿಡಿ. ಮಕ್ಕಳ ಪುಸ್ತಕವೆಂಬ ಸಂಕೋಚ ಬೇಡ.

ನೀವು ಪತ್ರದೊಡನೆ ಕಳುಹಿಸಿದ ಪಟ್ಟಿಯನ್ನೂ ನೋಡಿದೆವು. ದಿನದ ಮಾತಿನಲ್ಲಿ ಅಪರೂಪವಾದ ಬೆನೆವೊಲೆಂಟ್, ಎಫೆಮರಲ್, ಆಬ್‌ಸ್ಟಿನೇಟ್ ಎಂಬವನ್ನು ಈಗಲೇ ಹೊಡೆದುಹಾಕಬಹುದು. ಬಾರೋ (ಸಾಲ ಪಡೆ), ಲೆಂಡ್ (ಸಾಲ ಕೊಡು) ಎರಡೂ ಬೇಕಾದವು, ಆದರೆ ಬೇರೆ ಬೇರೆ ವಾರಗಳಲ್ಲಿ. ಫರ್ಗೆಟ್, ಬ್ರಿಂಗ್, ಎನಫ್, ಆಲ್‌ರೆಡಿ ಇವುಗಳಿಂದ ಚೀಟಿ ಬರೆಯಲು ಆರಂಭಿಸಿ.

— ಸಂಪಾದಕರು