ಲೀಸ್ ಕಾರು: ತಿಂಗಳ ಬಾಡಿಗೆಯ ಒಳಗೆ ಏನೇನಿದೆ?

ಪ್ರಶ್ನೆ: ಮಗ ಅಮೆರಿಕದ ಡೆಟ್ರಾಯಿಟ್ ಹತ್ತಿರ ಕೆಲಸದಲ್ಲಿದ್ದಾನೆ. ಪ್ಲಗ್-ಇನ್ ಹೈಬ್ರಿಡ್ (ಪ್ಲಗ್ಗಿನಿಂದ ಚಾರ್ಜಾಗುವ ಬ್ಯಾಟರಿಯೂ ಪೆಟ್ರೋಲ್ ಎಂಜಿನ್ನೂ ಇರುವ) ಎಸ್‌ಯುವಿ ಒಂದನ್ನು ಮೂರು ವರ್ಷಕ್ಕೆ ಲೀಸಿಗೆ ತೆಗೆದುಕೊಳ್ಳುವ ಯೋಚನೆ. ಸ್ಟಿಕರ್ ಬೆಲೆ, ಅಂದರೆ ಕಾರಿನ ಮೇಲೆ ಕಂಪನಿ ನಮೂದಿಸಿದ ಬೆಲೆ, 50,000 ಡಾಲರ್. ಮುಂಗಡ 4,000, ತಿಂಗಳಿಗೆ 660, ತೆರಿಗೆ ಬೇರೆ, ಇದು ಒಳ್ಳೆಯ ಡೀಲು ಎಂದು ಡೀಲರ್ ಹೇಳುತ್ತಾನಂತೆ. ಹೌದೇ? ಚೌಕಾಸಿ ಎಲ್ಲಿ ಮಾಡಬೇಕು?
– ಓದುಗರೊಬ್ಬರು, ಉಪ್ಪಳ

ಉತ್ತರ: ಒಳ್ಳೆಯ ಡೀಲಲ್ಲ. ಮೂರು ವರ್ಷದ ಕೊನೆಗೆ ಉಳಿಯುವ ಬೆಲೆ, ಅಂದರೆ ರೆಸಿಡ್ಯುಯಲ್, ಸ್ಟಿಕರ್ ಬೆಲೆಯ ಶೇ. 58 ಎಂದಿಟ್ಟುಕೊಂಡು ಬಿಡಿಸಿ ನೋಡೋಣ. ಅದು 29,000 ಡಾಲರ್. 50,000ದಿಂದ ಮುಂಗಡ 4,000 ಕಳೆದರೆ 46,000. ಈ 46,000 ಮತ್ತು 29,000ದ ನಡುವಿನ 17,000 ಬಾಡಿಗೆಯಲ್ಲಿ ತೀರಿಸಬೇಕಾದ ಸವಕಳಿ. 36 ತಿಂಗಳಿಗೆ ಹಂಚಿದರೆ ತಿಂಗಳಿಗೆ 472. ಉಳಿದ 188 ಡಾಲರ್ ಬಡ್ಡಿ.

ಲೀಸಿನಲ್ಲಿ ಬಡ್ಡಿಯನ್ನು ಶೇಕಡಾ ಲೆಕ್ಕದಲ್ಲಿ ಹೇಳುವುದಿಲ್ಲ, ‘ಮನಿ ಫ್ಯಾಕ್ಟರ್’ ಎಂಬ ಸಣ್ಣ ದಶಮಾಂಶದಲ್ಲಿ ಹೇಳುತ್ತಾರೆ. 46,000 ಮತ್ತು 29,000 ಕೂಡಿಸಿ ಮನಿ ಫ್ಯಾಕ್ಟರಿನಿಂದ ಗುಣಿಸಿದರೆ ತಿಂಗಳ ಬಡ್ಡಿ. (ಕಳೆಯುವುದಲ್ಲ, ಕೂಡಿಸುವುದೇ. ಇಲ್ಲಿ ಎಲ್ಲರೂ ಎಡವುತ್ತಾರೆ.) 188ನ್ನು 75,000ದಿಂದ ಭಾಗಿಸಿದರೆ ಸುಮಾರು 0.0025. ಅದನ್ನು 2400ರಿಂದ ಗುಣಿಸಿದರೆ ವರ್ಷಕ್ಕೆ ಶೇ. 6 ಬಡ್ಡಿ. ಈ ಲೆಕ್ಕದಂತೆ ಡೀಲರ್ ಸ್ಟಿಕರ್ ಬೆಲೆಯಲ್ಲಿ ಒಂದು ಡಾಲರೂ ಇಳಿಸಿಲ್ಲ. ಬಾಡಿಗೆ ಕಡಿಮೆ ಕಾಣುವುದು ನಿಮ್ಮದೇ 4,000 ಡಾಲರಿನಿಂದ.

ಮಗ ಇದೇ ಕಾರಿಗೆ 46,000 ಡಾಲರ್ ಮಾರಾಟ ಬೆಲೆ ಒಪ್ಪಿಸಿ, ಮನಿ ಫ್ಯಾಕ್ಟರ್ 0.0020 ಮಾಡಿಸಿದ ಎಂದಿಟ್ಟುಕೊಳ್ಳಿ. ಸವಕಳಿ 472, ಬಡ್ಡಿ 150. ಮುಂಗಡ ಸೊನ್ನೆ ಕೊಟ್ಟೂ ಬಾಡಿಗೆ 622. ಮೂರು ವರ್ಷಕ್ಕೆ ಉಳಿತಾಯ ಸುಮಾರು 5,350 ಡಾಲರ್.

ಹಾಗಾಗಿ ಚೌಕಾಸಿಗೆ ಕೂತಾಗ ‘ತಿಂಗಳಿಗೆ ಎಷ್ಟು’ ಎಂಬ ಮಾತೇ ಎತ್ತಬಾರದು. ಎತ್ತಿದರೆ ಡೀಲರ್ ಮುಂಗಡ ಏರಿಸಿಯೋ ಅವಧಿ ಎಳೆದೋ ನೀವು ಕೇಳಿದ ಅಂಕಿ ತೋರಿಸಿಬಿಡುತ್ತಾನೆ. ಮೂರು ನಾಲ್ಕು ಡೀಲರುಗಳಿಗೆ ಒಂದೇ ಮಾದರಿ, ಒಂದೇ ಟ್ರಿಮ್ (ಆ ಮಾದರಿಯಲ್ಲಿ ಸೌಲಭ್ಯಗಳ ದರ್ಜೆ) ಹೆಸರಿಸಿ ಇಮೇಲ್ ಹಾಕಲಿ. ಮಾರಾಟ ಬೆಲೆ, ಮನಿ ಫ್ಯಾಕ್ಟರ್, ರೆಸಿಡ್ಯುಯಲ್ ಈ ಮೂರನ್ನೂ ಬರಹದಲ್ಲಿ ಕೇಳಲಿ. ರೆಸಿಡ್ಯುಯಲ್ಲನ್ನು ಹಣ ಹಾಕುವ ಕಂಪನಿ ಗೊತ್ತು ಮಾಡುತ್ತದೆ, ಅದರಲ್ಲಿ ಜಗ್ಗಾಡಿ ಪ್ರಯೋಜನವಿಲ್ಲ. ಮಾರಾಟ ಬೆಲೆ ಪೂರ್ತಿ ಜಗ್ಗಾಟದ್ದೇ. ಮನಿ ಫ್ಯಾಕ್ಟರ್‌ಗೆ ಕಂಪನಿ ಕೊಟ್ಟ ಮೂಲ ದರದ ಮೇಲೆ ಡೀಲರ್ ತನ್ನದೊಂದಿಷ್ಟು ಸೇರಿಸುವುದು ಮಾಮೂಲು. ‘ಮೂಲ ದರ ಎಷ್ಟು’ ಎಂದೇ ಕೇಳಬೇಕು. ಹೇಳದಿದ್ದರೂ ಅಡ್ಡಿಯಿಲ್ಲ. ಅಲ್ಲಿನ ಕಾನೂನಿನ ಪ್ರಕಾರ ಒಪ್ಪಂದದ ಕಾಗದದಲ್ಲಿ ಒಟ್ಟು ‘ರೆಂಟ್ ಚಾರ್ಜ್’, ಅಂದರೆ ಪೂರ್ತಿ ಅವಧಿಯ ಬಡ್ಡಿ, ತೋರಿಸಲೇಬೇಕು. ಅದನ್ನು 36ರಿಂದ ಭಾಗಿಸಿ ಮೇಲಿನ ಲೆಕ್ಕ ಹಾಕಿದರೆ ಡೀಲರ್ ಹಾಕಿದ ದರ ಹೊರಬರುತ್ತದೆ. ಬೇರೆ ಡೀಲರುಗಳ ದರದ ಪಕ್ಕ ಇಟ್ಟು ನೋಡಿದರಾಯಿತು.

ದೊಡ್ಡ ಮುಂಗಡ ಕೊಡಲೇಬೇಡಿ. ಎರಡನೇ ತಿಂಗಳಲ್ಲೇ ಅಪಘಾತವಾಗಿ ಕಾರು ಪೂರ್ತಿ ಹೋಯಿತೆನ್ನಿ. ವಿಮೆಯ ಹಣ ಸೇರುವುದು ಕಾರಿನ ಮಾಲೀಕ ಕಂಪನಿಗೆ, ಮುಂಗಡ ಮರಳಿ ಬರುವುದಿಲ್ಲ. ಇನ್ನೊಂದು: ಇಂಥ ಪ್ಲಗ್-ಇನ್ ಲೀಸ್ ಕಾರಿಗೆ ಸಿಗುತ್ತಿದ್ದ 7,500 ಡಾಲರ್‌ವರೆಗಿನ ಸರ್ಕಾರಿ ತೆರಿಗೆ ರಿಯಾಯಿತಿ 2025ರ ಸೆಪ್ಟೆಂಬರ್ 30ಕ್ಕೆ ಮುಗಿದಿದೆ. ಈಗ ಯಾರಾದರೂ ರಿಯಾಯಿತಿಯ ಮಾತೆತ್ತಿದರೆ ಅದು ಕಾರು ಕಂಪನಿಯದ್ದೇ ಹಣ. ಕಾಗದದಲ್ಲಿ ಅದನ್ನು ಬೇರೆ ಸಾಲಿನಲ್ಲಿ ಕಳೆದು ತೋರಿಸಲು ಹೇಳಿ, ಇಲ್ಲವಾದರೆ ಡೀಲರ್ ಅದನ್ನೇ ತನ್ನ ‘ಡಿಸ್ಕೌಂಟ್’ ಎಂದು ಎಣಿಸಿ ಕೈ ತೊಳೆಯುತ್ತಾನೆ.

ಮೈಲಿಯ ಮಿತಿಯನ್ನು ಮೊದಲೇ ಸರಿಯಾಗಿ ಅಂದಾಜು ಮಾಡಲಿ. ಮಿತಿ ಮೀರಿದ ಮೈಲಿಗೆ 25 ಸೆಂಟ್ ಎಂದಿದ್ದರೆ 3,000 ಮೈಲಿಗೆ 750 ಡಾಲರ್ ತೆರಬೇಕು. ಡೆಟ್ರಾಯಿಟಿನ ಚಳಿಯನ್ನೂ ಮರೆಯಬಾರದು. ಕೆಲವು ಪ್ಲಗ್-ಇನ್ ಮಾದರಿಗಳಲ್ಲಿ ಒಳಗೆ ಹೀಟರ್ ಹಾಕಿದ ಕೂಡಲೇ ಎಂಜಿನ್ ಶುರುವಾಗುತ್ತದೆ, ಬ್ಯಾಟರಿ ತುಂಬಿದ್ದರೂ ಪೆಟ್ರೋಲ್ ಉರಿಯುತ್ತದೆ. ಟೆಸ್ಟ್ ಡ್ರೈವ್ ಮಾಡುವಾಗಲೇ ಹೀಟರ್ ಹಾಕಿ ನೋಡಿಬಿಡಲಿ.

ಪ್ರಶ್ನೆ: ಅಡಿಕೆ ವ್ಯಾಪಾರ ನಮ್ಮದು. ಮಂಗಳೂರಿನಿಂದ ದೊಡ್ಡ ಹೈಬ್ರಿಡ್ ಎಸ್‌ಯುವಿ ಲೀಸಿಗೆ ತಗೊಂಡು ಇಲ್ಲಿ ಕೇರಳದ ಬದಿಯಡ್ಕದಲ್ಲಿ ಓಡಿಸಬಹುದೇ? ಜಿಎಸ್‌ಟಿ ವಾಪಸು ಸಿಗುತ್ತದೆ ಎಂದು ಏಜೆಂಟ್ ಹೇಳಿದ್ದಾರೆ.
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಓಡಿಸಬಹುದು. ಜಿಎಸ್‌ಟಿ ಮಾತ್ರ ವಾಪಸು ಬರುವುದಿಲ್ಲ. ಇಂಥ ಕಾರಿನ ಇನ್‌ಪುಟ್ ಕ್ರೆಡಿಟ್ (ಕೊಟ್ಟ ಜಿಎಸ್‌ಟಿಯನ್ನು ತಾನು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವುದು) ಸಾಮಾನ್ಯ ವ್ಯಾಪಾರಿಗೆ ಕಾನೂನಿನಲ್ಲೇ ಮುಚ್ಚಿದೆ, ಲೀಸ್ ಬಾಡಿಗೆಗೂ ಅದೇ ನಿಯಮ. ಬಾಡಿಗೆಯನ್ನು ಆದಾಯ ತೆರಿಗೆಯಲ್ಲಿ ವ್ಯಾಪಾರದ ಖರ್ಚಾಗಿ ತೋರಿಸುವ ವಿಷಯ ಬೇರೆ, ಅದನ್ನು ನಿಮ್ಮ ಆಡಿಟರನ್ನು ಕೇಳಿ.

ಲೀಸ್ ಬಾಡಿಗೆಗೆ ಕಾರಿಗಿರುವ ಜಿಎಸ್‌ಟಿ ದರವೇ ಅನ್ವಯ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಹೈಬ್ರಿಡ್‌ಗೆ ಅದು ಶೇ. 40. ‘ತಿಂಗಳಿಗೆ 60,000’ ಎಂದವರು ತೆರಿಗೆ ಬಿಟ್ಟು ಹೇಳಿದ್ದರೆ ನಿಮ್ಮ ಕೈಯಿಂದ ಹೋಗುವುದು 84,000. ಪೂರ್ತಿ ಕರೆಂಟಿನ ಕಾರಿಗೆ ಶೇ. 5 ಮಾತ್ರ, ಹಾಗಾಗಿ ಎರಡಕ್ಕೂ ಕೊಟೇಶನ್ ತರಿಸಿ ನೋಡುವುದು ಜಾಣತನ.

ತಲಪಾಡಿ ಗಡಿಯ ಆಚೆಯ, ಮಂಗಳೂರಿನ ಕೆಎ-19 ನಂಬರಿನ ಕಾರನ್ನು ಕೇರಳದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಇಲ್ಲಿನ ನಂಬರು ಮಾಡಿಸಲೇಬೇಕು. ಅದಕ್ಕೆ ಫಾರ್ಮ್ 28ರಲ್ಲಿ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕು. ಆರ್‌ಸಿ ಕಂಪನಿ ಹೆಸರಿನಲ್ಲಿದ್ದರೆ ಅವರ ಸಹಿಯಿಲ್ಲದೆ ಕಾಗದ ಒಂದಿಂಚೂ ಕದಲುವುದಿಲ್ಲ, ಮೇಲೆ ಕೇರಳದ ತೆರಿಗೆ ಬೇರೆ. ಮೊದಲೇ ಕಾಸರಗೋಡಿನ ಕೆಎಲ್-14ರಲ್ಲಿ ನೋಂದಣಿ ಮಾಡಿಸಿಕೊಡಿ ಎಂದು ಕೇಳಿ. ತೆರಿಗೆ ಯಾರ ತಲೆಗೆ ಎಂಬುದು ಒಪ್ಪಂದದಲ್ಲಿ ಬರಲಿ. ನಡುವೆ ಬಿಟ್ಟರೆ ಎಷ್ಟು ತಿಂಗಳ ಬಾಡಿಗೆ ದಂಡ ಎಂಬ ಸಾಲನ್ನು ಸಹಿಗೆ ಮೊದಲು ಎರಡು ಸಲ ಓದಿ.

ಪ್ರಶ್ನೆ: ಲೀಸಿಗೆ ತಂದ ಕರೆಂಟು ಕಾರು ಮಳೆಗಾಲದಲ್ಲಿ ಮನೆಯ ಪ್ಲಗ್ಗಿನಲ್ಲೇ ಚಾರ್ಜಾಗುತ್ತಿತ್ತು. ಮಾರ್ಚಿನಿಂದ ಚಾರ್ಜರ್ ಕೆಂಪು ದೀಪ ತೋರಿಸಿ ನಿಲ್ಲುತ್ತದೆ. ನ್ಯೂಟ್ರಲನ್ನು ಅರ್ತಿಗೆ ಜೋಡಿಸಿದರೆ ಸರಿಯಾಗುತ್ತದೆ ಎನ್ನುತ್ತಾರೆ.
– ಓದುಗರೊಬ್ಬರು, ಮುಳ್ಳೇರಿಯ

ಉತ್ತರ: ಖಂಡಿತ ಜೋಡಿಸಬೇಡಿ. ಮುಂದೆ ಯಾವತ್ತಾದರೂ ನ್ಯೂಟ್ರಲ್ ತಂತಿ ಕಡಿದರೆ ಕಾರಿನ ಮೈಗೇ ಕರೆಂಟು ಬರುತ್ತದೆ. ಚಾರ್ಜರ್ ಪ್ರತಿ ಸಲವೂ ಅರ್ತ್ ಪರೀಕ್ಷಿಸಿಯೇ ಕೆಲಸ ಶುರು ಮಾಡುವುದು, ಹಾಗಾಗಿ ಮೊದಲ ಅನುಮಾನ ಅರ್ತ್ ಗುಂಡಿಯ ಮೇಲೆ. ನಮ್ಮ ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿ ಕರೆಂಟನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಎರಡು ದಿನ ಗುಂಡಿಗೆ ನಾಲ್ಕಾರು ಕೊಡ ನೀರು ಹೊಯ್ದು ನೋಡಿ. ದೀಪ ಹಸಿರಾದರೆ ಕಾರಣ ಅದೇ, ತಂಪಿರುವ ಕಡೆ, ಬಚ್ಚಲ ನೀರು ಹರಿಯುವ ಬದಿಯಲ್ಲಿ, ಇನ್ನೊಂದು ಅರ್ತ್ ಹೊಡೆಸಿ ಎರಡನ್ನೂ ಕೂಡಿಸಿ. ಆಗದಿದ್ದರೆ ಅರ್ತ್ ತಂತಿಯ ಬೋಲ್ಟು ತುಕ್ಕು ಹಿಡಿದಿದೆಯೇ ನೋಡಿಸಿ.

ಎಕ್ಸ್‌ಟೆನ್ಶನ್ ಬಾಕ್ಸ್ ಬೇಡವೇ ಬೇಡ. 10 ಆಂಪಿಯರ್ ಹತ್ತು ಗಂಟೆ ಹರಿದರೆ ಸಡಿಲ ಪಿನ್ನು ಕಾದು ಪ್ಲಗ್ಗಿನ ಪ್ಲಾಸ್ಟಿಕ್ ಕಂದಾಗುತ್ತದೆ. ಮೀಟರ್ ಬೋರ್ಡಿನಿಂದ 4 ಚದರ ಮಿಲಿಮೀಟರ್ ತಾಮ್ರದ ತಂತಿಯಲ್ಲಿ ಬೇರೆ ಲೈನ್ ಎಳೆಸಿ, 20 ಆಂಪಿಯರ್ ಎಂಸಿಬಿ (ಕರೆಂಟು ಮಿತಿ ಮೀರಿದರೆ ಬೀಳುವ ಸ್ವಿಚ್ಚು), 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಕರೆಂಟು ಸೋರಿದರೆ ಬೀಳುವ ಸ್ವಿಚ್ಚು) ಹಾಕಿಸಿ. ತೋಟದ ಪಂಪನ್ನು ಆ ಲೈನಿಗೆ ಸೇರಿಸಬೇಡಿ.